ಕ್ನೋಸೋಸ್ ಫಲಕಗಳು: ಅಗೆದು ತೆಗೆದದ್ದು 1900, ಅಚ್ಚಾದದ್ದು 1952

ಲೀನಿಯರ್ ಬಿ ಲಿಪಿಯ ಬಗ್ಗೆ ಸಾಮಾನ್ಯ ಓದುಗರಿಗಾಗಿ ಬಂದ ಪುಸ್ತಕಗಳಲ್ಲಿ ಮೂರನ್ನು ನಾನು ಆಗಾಗ ತೆಗೆದು ನೋಡುವುದುಂಟು. ಜಾನ್ ಚಾಡ್ವಿಕ್ ಅವರ ‘ದಿ ಡಿಸೈಫರ್‌ಮೆಂಟ್ ಆಫ್ ಲೀನಿಯರ್ ಬಿ’ (1958), ಆಂಡ್ರ್ಯೂ ರಾಬಿನ್ಸನ್ ಅವರ ‘ದಿ ಮ್ಯಾನ್ ಹೂ ಡಿಸೈಫರ್ಡ್ ಲೀನಿಯರ್ ಬಿ’ (2002), ಮಾರ್ಗಲಿಟ್ ಫಾಕ್ಸ್ ಅವರ ‘ದಿ ರಿಡಲ್ ಆಫ್ ದ ಲ್ಯಾಬಿರಿಂತ್’ (2013). ಮೂರೂ ಒಳ್ಳೆಯ ಪುಸ್ತಕಗಳೇ. ಮೊದಲ ಎರಡಕ್ಕೆ ಮೈಕೆಲ್ ವೆಂಟ್ರಿಸ್ ನಾಯಕ. ಮೂರನೆಯದು ಆಲಿಸ್ ಕೋಬರ್ ಎಂಬ ವಿದುಷಿಗೆ ತಡವಾಗಿಯಾದರೂ ಸಲ್ಲಬೇಕಾದ ಜಾಗ ಕೊಟ್ಟಿದೆ. ಆದರೆ ಶಾಸನ ಓದುವ ನಮ್ಮಂಥವರು ಈ ಮೂರನ್ನೂ ಓದುವಾಗ ಇನ್ನೊಂದು ಪ್ರಶ್ನೆಯನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು ಅಂತ ನನ್ನ ಅಭಿಪ್ರಾಯ. ಲಿಪಿಯನ್ನು ಬಿಡಿಸಿದ್ದು ಯಾರು ಅನ್ನುವುದು ಸರಿ, ಬಿಡಿಸುವುದಕ್ಕೆ ಬೇಕಾದ ಪಾಠಗಳನ್ನು ಅಚ್ಚು ಹಾಕಿಸಿದ್ದು ಯಾರು? ಯಾವಾಗ? ಅಲ್ಲಿಯವರೆಗೆ ಅವು ಯಾರ ಬಳಿ ಇದ್ದವು?

ಈ ಪ್ರಶ್ನೆ ಹಿಡಿದು ಹೊರಟರೆ ಕಥೆಯ ಆಕಾರವೇ ಬದಲಾಗುತ್ತದೆ. ಜಾಣ ತಲೆಯೊಂದಕ್ಕೆ ಒಂದು ದಿನ ಹೊಳೆದ ಸತ್ಯದ ಕಥೆಯಾಗಿ ಅದು ಉಳಿಯುವುದಿಲ್ಲ. ಅರ್ಧ ಶತಮಾನ ಬೀಗದೊಳಗಿದ್ದ ಪಾಠಗಳು ಹೊರಬಂದ ಕೂಡಲೇ ಏನಾಯಿತು ಅನ್ನುವ ಕಥೆಯಾಗುತ್ತದೆ.

ಮೊದಲು ಹಿನ್ನೆಲೆ, ಚುಟುಕಾಗಿ. ಕ್ರೀಟ್ ದ್ವೀಪದ ಕ್ನೋಸೋಸ್‌ನಲ್ಲಿ ಆರ್ಥರ್ ಇವಾನ್ಸ್ ಅಗೆತ ಶುರು ಮಾಡಿದ್ದು 1900ರ ಮಾರ್ಚ್ 23ಕ್ಕೆ. ವಾರ ಕಳೆಯುವಷ್ಟರಲ್ಲಿ ಬರವಣಿಗೆ ಇರುವ ಮಣ್ಣಿನ ಫಲಕ ಸಿಕ್ಕಿತು. ಆಮೇಲೆ ಪೆಟ್ಟಿಗೆಗಟ್ಟಲೆ. ಸುಟ್ಟ ಇಟ್ಟಿಗೆಯಂತೆ ಬೇಕೆಂದೇ ಬೇಯಿಸಿದ ಫಲಕಗಳಲ್ಲ ಇವು. ಹಸಿಮಣ್ಣಿನ ಮೇಲೆ ಗೀಚಿ ಒಣಗಿಸಿದವು. ಅರಮನೆಗೆ ಬೆಂಕಿ ಬಿದ್ದದ್ದರಿಂದ ತಾವಾಗಿಯೇ ಬೆಂದು ನಮ್ಮವರೆಗೆ ಉಳಿದು ಬಂದವು. ಕ್ನೋಸೋಸ್ ಒಂದರಿಂದಲೇ ಚೂರುಪಾರು ಸೇರಿ ಮೂರು ಸಾವಿರಕ್ಕೂ ಹೆಚ್ಚು ಸಿಕ್ಕಿವೆ. ಇವುಗಳ ಮೇಲಿನ ಲಿಪಿಗೆ ಇವಾನ್ಸ್ ಲೀನಿಯರ್ ಬಿ ಅಂತ ಹೆಸರಿಟ್ಟರು. ಅದಕ್ಕಿಂತ ಹಳೆಯದು, ಆಕಾರದಲ್ಲಿ ಹತ್ತಿರದ್ದು, ಲೀನಿಯರ್ ಎ. ಈ ಹೆಸರುಗಳನ್ನು ಇವತ್ತಿಗೂ ನಾವು ಹಾಗೇ ಬಳಸುತ್ತೇವೆ.

ಇನ್ನು ಪ್ರಕಟಣೆಯ ಲೆಕ್ಕ. ‘ಸ್ಕ್ರಿಪ್ಟಾ ಮಿನೋವಾ’ ಎಂಬ ಹೆಸರಿನಲ್ಲಿ ಎಲ್ಲವನ್ನೂ ಸಂಪುಟ ಸಂಪುಟವಾಗಿ ತರುವ ಯೋಜನೆ ಇತ್ತು. ಮೊದಲ ಸಂಪುಟ 1909ರಲ್ಲಿ ಬಂತು. ಅದರ ಹೆಚ್ಚಿನ ಭಾಗ ಕ್ರೀಟಿನ ಚಿತ್ರಲಿಪಿಗೇ ಹೋಯಿತು, ಲೀನಿಯರ್ ಬಿ ಮುಂದಿನ ಸಂಪುಟಕ್ಕೆ ಅಂತ ಉಳಿಯಿತು. ಆ ಮುಂದಿನ ಸಂಪುಟ ಇವಾನ್ಸ್ ಬದುಕಿರುವಷ್ಟು ಕಾಲ ಬರಲಿಲ್ಲ. ನಡುವೆ ‘ಪ್ಯಾಲೆಸ್ ಆಫ್ ಮಿನೋಸ್’ ನಾಲ್ಕು ಭಾರೀ ಸಂಪುಟಗಳಾಗಿ 1921ರಿಂದ 1935ರ ತನಕ ಬಂತು. ಅದರ ಕೊನೆಯ ಸಂಪುಟದಲ್ಲಿ ಸುಮಾರು 120 ಫಲಕಗಳು ಕಾಣಿಸಿಕೊಂಡವು. ಅಂದರೆ ಸಿಕ್ಕಿ ಮೂವತ್ತೈದು ವರ್ಷಗಳ ಮೇಲೆ, ಒಟ್ಟು ರಾಶಿಯಲ್ಲಿ ನೂರಕ್ಕೆ ನಾಲ್ಕು! ಇವಾನ್ಸ್ 1941ರ ಜುಲೈ 11ರಂದು ತೀರಿಕೊಂಡರು, ಆಗ ಅವರಿಗೆ ತೊಂಬತ್ತು. ಅವರ ಸ್ನೇಹಿತ ಜಾನ್ ಮೈರ್ಸ್ ಟಿಪ್ಪಣಿ, ರೇಖಾಚಿತ್ರಗಳನ್ನೆಲ್ಲ ಕೂಡಿಸಿ ‘ಸ್ಕ್ರಿಪ್ಟಾ ಮಿನೋವಾ’ದ ಎರಡನೆಯ ಸಂಪುಟ ಹೊರತಂದದ್ದು 1952ರಲ್ಲಿ.

ಐವತ್ತೆರಡು ವರ್ಷ. ಅಗೆತದ ಮೊದಲ ವರ್ಷ ಹುಟ್ಟಿದ ಕೂಸು ಅಷ್ಟರಲ್ಲಿ ನಿವೃತ್ತಿಯ ಅಂಚಿಗೆ ಬಂದಿರುತ್ತದೆ.

ಇವಾನ್ಸ್ ಸೋಮಾರಿ ಅಂತ ಯಾರೂ ಹೇಳಲಾರರು. ಜಮೀನನ್ನೇ ಕೊಂಡು, ಸ್ವಂತ ದುಡ್ಡು ಸುರಿದು ಅಗೆಸಿದವರು. ಆಶ್ಮೋಲಿಯನ್ ಮ್ಯೂಸಿಯಮ್ಮಿನ ಹೊಣೆಯನ್ನೂ 1908ರವರೆಗೆ ಹೊತ್ತಿದ್ದರು. ಅರಮನೆಯನ್ನು ಕಾಂಕ್ರೀಟ್ ಹಾಕಿಸಿ ಎತ್ತಿ ನಿಲ್ಲಿಸಿದ ಕೆಲಸ ಬೇರೆ. (ಆ ಕಾಂಕ್ರೀಟಿನ ಬಗ್ಗೆ ಹೇಳುವುದು ಬಹಳ ಇದೆ, ಇಲ್ಲಿ ಬೇಡ.) ಮೊದಲನೆಯ ಮಹಾಯುದ್ಧವೂ ನಡುವೆ ಬಂತು. ಇವೆಲ್ಲ ಕಾರಣಗಳು ಹೌದು. ಆದರೆ ನಿಜವಾದ ಕಾರಣ ಇನ್ನೊಂದು ಅಂತ ನನಗನ್ನಿಸುತ್ತದೆ. ಪಾಠವನ್ನೂ ಅದರ ಅರ್ಥವನ್ನೂ ಒಟ್ಟಿಗೇ ಕೊಡಬೇಕು ಅನ್ನುವ ಆಸೆ ಅವರಿಗೆ. ತಾನು ಅಗೆದದ್ದನ್ನು ತಾನೇ ಓದಬೇಕು, ಓದಿದ ಮೇಲೆ ಲೋಕಕ್ಕೆ ತೋರಿಸಬೇಕು. ಓದಲಾಗದೆ ಹೋದರೆ? ಆ ಸಾಧ್ಯತೆಗೆ ಅವರ ಯೋಜನೆಯಲ್ಲಿ ಜಾಗವೇ ಇರಲಿಲ್ಲ.

ಇದರ ಜೊತೆಗೆ ಅವರಿಗೊಂದು ಗಟ್ಟಿ ನಂಬಿಕೆ ಇತ್ತು. ಕ್ರೀಟಿನ ನಾಗರಿಕತೆ ಗ್ರೀಕರದ್ದಲ್ಲ, ಗ್ರೀಸಿನ ಮುಖ್ಯ ನೆಲದ ಮೈಸೀನಿ ಕೂಡ ಕ್ರೀಟಿನ ಅಧೀನ, ಆದ್ದರಿಂದ ಈ ಫಲಕಗಳ ಭಾಷೆ ಗ್ರೀಕ್ ಆಗಿರುವುದಕ್ಕೆ ಸಾಧ್ಯವಿಲ್ಲ. ಅಲನ್ ವೇಸ್ ಮತ್ತು ಕಾರ್ಲ್ ಬ್ಲೆಗೆನ್ ಇದನ್ನು ಒಪ್ಪುತ್ತಿರಲಿಲ್ಲ. ಆದರೆ ಫಲಕಗಳು ಇದ್ದದ್ದು ಇವಾನ್ಸ್ ಕೈಯಲ್ಲಿ.

ಇಲ್ಲೊಂದು ಸೊಗಸಾದ ಪ್ರಸಂಗವಿದೆ. ಕುದುರೆಗಳನ್ನು ಲೆಕ್ಕ ಹಾಕಿದ ಒಂದು ಫಲಕ. ಅದರಲ್ಲಿ ಕುದುರೆಯ ತಲೆಯ ಚಿತ್ರಸಂಕೇತಗಳು, ಒಂದು ಕಡೆ ಅಯಾಲಿಲ್ಲದ ಚಿಕ್ಕ ತಲೆ, ಅದರ ಹಿಂದೆ ಎರಡು ಚಿಹ್ನೆಗಳು. ಆ ಎರಡೂ ಸೈಪ್ರಸ್ಸಿನ ಲಿಪಿಯಲ್ಲಿರುವ ‘ಪೊ’ ಮತ್ತು ‘ಲೊ’ ಚಿಹ್ನೆಗಳನ್ನು ಹೋಲುತ್ತವೆ. ಪೊ-ಲೊ. ಗ್ರೀಕಿನಲ್ಲಿ ‘ಪೋಲೋಸ್’ ಅಂದರೆ ಕುದುರೆಮರಿ. ಇವಾನ್ಸ್ ಇದನ್ನು ಗಮನಿಸಿದರು, ‘ಪ್ಯಾಲೆಸ್ ಆಫ್ ಮಿನೋಸ್’ನಲ್ಲಿ ಬರೆದರು ಕೂಡ, ಬರೆದು ತಳ್ಳಿಹಾಕಿದರು. ಗ್ರೀಕ್ ಆಗಿರಲಾರದು ಅಂತ ಮೊದಲೇ ತೀರ್ಮಾನವಾಗಿತ್ತಲ್ಲ. ಚಾಡ್ವಿಕ್ ಹಿಡಿದು ಎಲ್ಲರೂ ಈ ಪ್ರಸಂಗವನ್ನು ಇವಾನ್ಸರ ಪೂರ್ವಗ್ರಹಕ್ಕೆ ಉದಾಹರಣೆಯಾಗಿ ಹೇಳುತ್ತಾರೆ. ನಾನು ಅದರಲ್ಲಿ ಇನ್ನೊಂದನ್ನೂ ಕಾಣುತ್ತೇನೆ. ಆ ಫಲಕವನ್ನು ಅವರು ಅಚ್ಚು ಹಾಕಿಸಿದರು. ಹಾಗಾಗಿಯೇ ಅವರ ತೀರ್ಮಾನ ತಪ್ಪು ಅಂತ ನಂತರದವರು ತೋರಿಸಲು ಆಯಿತು. ಅಚ್ಚಾಗದ ಮೂರು ಸಾವಿರದಲ್ಲಿ ಇಂಥವು ಎಷ್ಟಿದ್ದವು ಅಂತ ಆಗ ಯಾರಿಗೆ ಗೊತ್ತಿತ್ತು?

ಫಿನ್ಲೆಂಡಿನ ಯೋಹಾನೆಸ್ ಸುಂಡ್ವಾಲ್ ಕಾಯುವುದಕ್ಕೆ ಒಪ್ಪಲಿಲ್ಲ. ಕ್ರೀಟಿಗೆ ಹೋಗಿ 38 ಫಲಕಗಳನ್ನು ನಕಲು ಮಾಡಿಕೊಂಡು ಬಂದು ಪ್ರಕಟಿಸಿದರು. ಇವಾನ್ಸರಿಗೆ ಸಿಟ್ಟು ಬಂತು. ಅಗೆದವನಿಗೆ ಮೊದಲ ಹಕ್ಕು ಅನ್ನುವ ನಿಯಮ ಆಗಲೂ ಇತ್ತು, ಈಗಲೂ ಇದೆ, ಅದರಲ್ಲಿ ನ್ಯಾಯವೂ ಇದೆ. ಬಿಸಿಲಲ್ಲಿ ನಿಂತವನೊಬ್ಬ, ಹೆಸರು ಇನ್ನೊಬ್ಬನದು ಆಗಬಾರದು. ಆದರೆ ಆ ಹಕ್ಕಿಗೆ ಒಂದು ಅವಧಿ ಬೇಕು. ಕ್ನೋಸೋಸ್ ವಿಚಾರದಲ್ಲಿ ಅವಧಿ ಇರಲಿಲ್ಲ, ಕೇಳುವವರೂ ಇರಲಿಲ್ಲ. ಚಾಡ್ವಿಕ್ ಸ್ವಭಾವತಃ ಮೃದು ಬರಹಗಾರರು. ಈ ವಿಷಯಕ್ಕೆ ಬಂದಾಗ ಮಾತ್ರ ಎರಡು ತಲೆಮಾರಿನ ವಿದ್ವಾಂಸರಿಗೆ ಆದ ಅನ್ಯಾಯ ಅನ್ನುವ ಧಾಟಿಯಲ್ಲಿ ಬರೆಯುತ್ತಾರೆ. ಮೂರು ಪುಸ್ತಕಗಳಲ್ಲಿ ಇದನ್ನು ಇಷ್ಟು ನೇರವಾಗಿ ಹೇಳುವುದು ಅದೊಂದೇ.

ನಮಗೂ ಇದು ಹೊಸ ಮಾತೇನಲ್ಲ. ಕೆಲವು ವರ್ಷಗಳ ಹಿಂದೆ ಒಂದು ಕಡೆ ಒಂದು ಶಾಸನದ ಪಡಿಯಚ್ಚು ನೋಡಬೇಕು ಅಂತ ಕೇಳಿದ್ದೆ. “ಅದರ ಮೇಲೆ ಒಬ್ಬರು ಕೆಲಸ ಮಾಡ್ತಾ ಇದ್ದಾರೆ ಸರ್” ಅಂದರು. ಎಷ್ಟು ವರ್ಷದಿಂದ ಅಂತ ಕೇಳಿದೆ. ಆ ಪ್ರಶ್ನೆ ಅವರಿಗೆ ಹಿಡಿಸಲಿಲ್ಲ. ಶಾಸನಗಳ ಹಿಂದೆ ಓಡಾಡುವ ಯಾರನ್ನು ಬೇಕಾದರೂ ಮಾತನಾಡಿಸಿ, ಇಂಥದ್ದೊಂದು ಅನುಭವ ಅವರ ಬಳಿ ಇದ್ದೇ ಇರುತ್ತದೆ.

ಇದಕ್ಕೆ ಎದುರಾಗಿ ಬಿ. ಎಲ್. ರೈಸ್ ಅವರನ್ನು ಇಟ್ಟು ನೋಡಿ. ಇವಾನ್ಸರ ಕಾಲದವರೇ. ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೊದಲ ಸಂಪುಟ 1886ರಲ್ಲಿ ಬಂತು. ಇಪ್ಪತ್ತು ವರ್ಷದೊಳಗೆ ಹನ್ನೆರಡು ಸಂಪುಟ, ಸುಮಾರು ಒಂಬತ್ತು ಸಾವಿರ ಶಾಸನ. ತಪ್ಪುಗಳು ಇವೆ, ಬೇಕಾದಷ್ಟು. ಬಿಟ್ಟುಹೋದವೂ ಇವೆ. ಶ್ರವಣಬೆಳಗೊಳದ ಸಂಪುಟದಲ್ಲಿ ರೈಸ್ ಕೊಟ್ಟದ್ದು 144, ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದಾಗ ಅದು 500 ಆಯಿತು. ತಿದ್ದಲು ಒಂದು ಪಾಠ ಕೈಯಲ್ಲಿ ಇದ್ದದ್ದರಿಂದ ತಾನೇ ತಿದ್ದಿದ್ದು? ನಮ್ಮ ಲಿಪಿ ಓದಬಲ್ಲ ಲಿಪಿ, ಅವರದ್ದು ಓದಲಾಗದ ಲಿಪಿ, ಹೋಲಿಕೆ ಸರಿಯೇ ಅಂತ ಕೇಳಬಹುದು. ಓದಲಾಗದ ಲಿಪಿಯಾದರೆ ಪ್ರಕಟಣೆ ಇನ್ನೂ ಬೇಗ ಬೇಕು. ಓದಬಲ್ಲದ್ದನ್ನು ಒಬ್ಬರೇ ಓದಿ ಹೇಳಬಹುದು. ಓದಲಾಗದ್ದನ್ನು ಬಿಡಿಸಲು ಬೇಕಾಗುವುದು ಎಣಿಕೆ. ಎಣಿಸುವುದಕ್ಕೆ ರಾಶಿ ಬೇಕು.

ಆಲಿಸ್ ಕೋಬರ್ ಅವರ ಕೆಲಸ ಈ ಎಣಿಕೆಯದೇ. ನ್ಯೂಯಾರ್ಕಿನ ಬ್ರೂಕ್ಲಿನ್ ಕಾಲೇಜಿನಲ್ಲಿ ಗ್ರೀಕ್, ಲ್ಯಾಟಿನ್ ಪಾಠ ಹೇಳುತ್ತಿದ್ದರು. ರಾತ್ರಿ ಮನೆಯಲ್ಲಿ ಲೀನಿಯರ್ ಬಿ. ಯುದ್ಧಕಾಲದಲ್ಲಿ ಕಾಗದಕ್ಕೆ ಬರ, ಹಾಗಾಗಿ ಶುಭಾಶಯ ಪತ್ರದ ಹಿಂಬದಿ, ಚರ್ಚಿನ ಕರಪತ್ರ, ಗ್ರಂಥಾಲಯದ ಚೀಟಿ, ಹೀಗೆ ಸಿಕ್ಕಿದ್ದನ್ನೆಲ್ಲ ಕತ್ತರಿಸಿ ಸುಮಾರು 1,80,000 ಚೀಟಿ ಮಾಡಿಕೊಂಡರು. ಅವನ್ನು ಜೋಡಿಸಿಟ್ಟದ್ದು ಸಿಗರೇಟಿನ ರಟ್ಟಿನ ಪೆಟ್ಟಿಗೆಗಳಲ್ಲಿ. ಯಾವ ಚಿಹ್ನೆ ಪದದ ಮೊದಲಿಗೆ ಬರುತ್ತದೆ, ಯಾವುದು ಕೊನೆಗೆ, ಯಾವುದರ ಪಕ್ಕ ಯಾವುದು, ಎಷ್ಟು ಸಲ, ಇದೇ ಲೆಕ್ಕ. ಭಾಷೆ ಯಾವುದಿರಬಹುದು ಅಂತ ಊಹಿಸುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

1945ರಿಂದ 1948ರ ನಡುವೆ ‘ಅಮೆರಿಕನ್ ಜರ್ನಲ್ ಆಫ್ ಆರ್ಕಿಯಾಲಜಿ’ಯಲ್ಲಿ ಬಂದ ಅವರ ಲೇಖನಗಳ ತಿರುಳನ್ನು ಇಂಗ್ಲಿಷ್ ಪುಸ್ತಕಗಳು ಪುಟಗಟ್ಟಲೆ ವಿವರಿಸುತ್ತವೆ. ಕನ್ನಡದವರಿಗೆ ಅಷ್ಟು ಬೇಕಿಲ್ಲ. ‘ಊರು’, ‘ಊರಿಗೆ’, ‘ಊರಲ್ಲಿ’ ಅನ್ನುವ ಮೂರು ರೂಪ ತೆಗೆದುಕೊಳ್ಳಿ. ಎರಡನೆಯ ಅಕ್ಷರ ರು, ರಿ, ರ ಆಗುತ್ತದೆ. ನಮ್ಮ ಲಿಪಿಯಲ್ಲಿ ಮೂರರಲ್ಲೂ ‘ರ’ದ ಆಕಾರ ಕಣ್ಣಿಗೆ ಕಾಣುತ್ತದೆ, ಬದಲಾಗುವುದು ಗುಣಿತದ ಗುರುತು ಮಾತ್ರ. ಲೀನಿಯರ್ ಬಿ ಲಿಪಿಯಲ್ಲಿ ಹಾಗಿಲ್ಲ. ರು ಒಂದು ಆಕಾರ, ರಿ ಅದಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಆಕಾರ, ರ ಮತ್ತೊಂದು. ಓದಲು ಬಾರದವನಿಗೆ ಅವು ಮೂರು ಅಪರಿಚಿತ ಚಿಹ್ನೆಗಳು, ಅಷ್ಟೇ. ಆದರೆ ಒಂದೇ ಪದ ವಿಭಕ್ತಿ ಬದಲಾದಂತೆ ಈ ಮೂರು ಚಿಹ್ನೆಗಳನ್ನು ಅದಲು ಬದಲು ಮಾಡುತ್ತಿದೆ ಅಂತ ಗೊತ್ತಾದರೆ, ಮೂರರ ವ್ಯಂಜನ ಒಂದೇ, ಸ್ವರ ಬೇರೆ ಅಂತ ಹೇಳಬಹುದು. ಆ ವ್ಯಂಜನ ಯಾವುದು ಅಂತ ಗೊತ್ತಿರಬೇಕಾದ್ದೇ ಇಲ್ಲ! ಇನ್ನು ‘ಕಾಡು’, ‘ಕಾಡಿಗೆ’ ಪಕ್ಕದಲ್ಲಿಟ್ಟರೆ (ಕಣ್ಣಿಗೆ ಹಚ್ಚುವ ಕಾಡಿಗೆಯಲ್ಲ) ರು ಮತ್ತು ಡು ಒಂದೇ ಸ್ವರ, ರಿ ಮತ್ತು ಡಿ ಒಂದೇ ಸ್ವರ ಅಂತಲೂ ಗೊತ್ತಾಗುತ್ತದೆ. ಅಡ್ಡ ಸಾಲಿಗೆ ವ್ಯಂಜನ, ಉದ್ದ ಸಾಲಿಗೆ ಸ್ವರ ಇಟ್ಟು ಒಂದು ಚೌಕಟ್ಟು ಬರೆಯಬಹುದು. ನಾವು ಒಂದನೇ ತರಗತಿಯಲ್ಲಿ ಬಾಯಿಪಾಠ ಮಾಡಿದ ಕಾಗುಣಿತ ಇದೇ ತಾನೇ. ಶಬ್ದವೇ ಗೊತ್ತಿಲ್ಲದೆ ಕಾಗುಣಿತ ಕಟ್ಟಿದರು ಕೋಬರ್. 1948ರ ಲೇಖನದಲ್ಲಿ ಹತ್ತು ಚಿಹ್ನೆಗಳ ಅಂಥ ಪುಟ್ಟ ಚೌಕಟ್ಟು ಇದೆ.

ಹತ್ತೇ ಯಾಕೆ? ಇಲ್ಲಿಗೆ ಬಂದಾಗ ಫಾಕ್ಸ್ ಅವರ ಪುಸ್ತಕದ ಬಗ್ಗೆ ನನ್ನ ತಕರಾರು ಶುರುವಾಗುತ್ತದೆ. ಅವರು ಕಥೆಯನ್ನು ಮೂರು ಭಾಗ ಮಾಡಿದ್ದಾರೆ. ಅಗೆದವನು, ಪತ್ತೇದಾರಿಣಿ, ವಾಸ್ತುಶಿಲ್ಪಿ, ಹೀಗೆ ಮೂರು ವ್ಯಕ್ತಿಗಳು. ಕೋಬರ್ ಅವರ ಪತ್ರ, ಟಿಪ್ಪಣಿಗಳನ್ನು ಚೆನ್ನಾಗಿ ಬಳಸಿಕೊಂಡಿದ್ದಾರೆ, ಅದಕ್ಕಾಗಿ ಪುಸ್ತಕವನ್ನು ಓದಲೇಬೇಕು. ಓದಿ ಮುಗಿಸಿದಾಗ ಬದುಕಿದ್ದರೆ ಕೋಬರ್ ಅವರೇ ಲಿಪಿಯನ್ನು ಬಿಡಿಸುತ್ತಿದ್ದರೇನೋ ಅಂತ ಮನಸ್ಸಿಗೆ ಬರುತ್ತದೆ. ಬರಬಹುದು, ಆದರೆ ಅದು ಸಾಬೀತಾಗುವ ಮಾತಲ್ಲ. ಲೆಕ್ಕಕ್ಕೆ ಸಿಗುವ ಸಂಗತಿ ಬೇರೆಯೇ ಇದೆ. ತಮ್ಮ ಮುಖ್ಯ ಆವಿಷ್ಕಾರ ಮಾಡುವಾಗ ಕೋಬರ್ ಅವರ ಮುಂದೆ ಇದ್ದದ್ದು ಇನ್ನೂರಕ್ಕಿಂತ ಕಡಿಮೆ ಪ್ರಕಟಿತ ಪಾಠಗಳು. ಹಾಗಿದ್ದೂ ವಿಭಕ್ತಿ ಹಿಡಿದರು. ಮೂರು ಸಾವಿರ ಇದ್ದಿದ್ದರೆ ಅನ್ನುವ ಪ್ರಶ್ನೆಗೆ ಪ್ರತಿಭೆ, ಅದೃಷ್ಟ, ಆಯುಸ್ಸು ಯಾವುದೂ ಉತ್ತರ ಕೊಡಬೇಕಾಗಿಲ್ಲ. ಉತ್ತರ ಕೊಡಬೇಕಾದ್ದು ಆಕ್ಸ್‌ಫರ್ಡಿನ ಕಪಾಟು.

1947ರಲ್ಲಿ ಅವರು ಆಕ್ಸ್‌ಫರ್ಡಿಗೆ ಹೋಗಿ ಮೈರ್ಸ್ ಅವರ ಬಳಿಯಿದ್ದ ಪಾಠಗಳನ್ನು ಕೈಯಲ್ಲಿ ನಕಲು ಮಾಡಿಕೊಂಡರು. ಮೈರ್ಸ್ ಉದಾರಿ, ನೋಡಲು ಬಿಟ್ಟರು. ಆದರೆ ಆ ಉದಾರತೆಗೆ ಬೆಲೆಯೂ ಇತ್ತು. ‘ಸ್ಕ್ರಿಪ್ಟಾ ಮಿನೋವಾ’ದ ತಿದ್ದುಪಡಿ, ಬೆರಳಚ್ಚು, ಪಟ್ಟಿ ಮಾಡುವುದು, ಇವೆಲ್ಲ ಕೋಬರ್ ಅವರ ಹೆಗಲಿಗೆ ಬಂದವು. ಇನ್ನೊಬ್ಬರ ಸಂಪುಟ ಮುಗಿಸುತ್ತ ತಮ್ಮ ಕೊನೆಯ ವರ್ಷಗಳ ದೊಡ್ಡ ಪಾಲನ್ನು ಕಳೆದರು. 1950ರ ಮೇ 16ರಂದು ತೀರಿಕೊಂಡಾಗ ಅವರಿಗೆ ನಲವತ್ತಮೂರು. ಸಂಪುಟ ಬರಲು ಇನ್ನೂ ಎರಡು ವರ್ಷವಿತ್ತು.

ಪೈಲೋಸ್ ವಿಚಾರ ಇದಕ್ಕೆ ಎದುರು. ಗ್ರೀಸಿನ ಮುಖ್ಯ ನೆಲದ ಪೈಲೋಸ್ ಬಳಿ ಬ್ಲೆಗೆನ್ ಅಗೆತ ಶುರು ಮಾಡಿದ್ದು 1939ರ ಏಪ್ರಿಲ್ 4. ಮೊದಲ ದಿನವೇ, ಮೊದಲ ಗುಂಡಿಯಲ್ಲೇ ಫಲಕಗಳ ಕೋಣೆ. ಆ ಒಂದು ಋತುವಿನಲ್ಲಿ ಸುಮಾರು 600. ಕೂಡಲೇ ಯುದ್ಧ ಬಂತು. ಫಲಕಗಳು ಅಥೆನ್ಸಿನ ಬ್ಯಾಂಕಿನ ನೆಲಮಾಳಿಗೆಗೆ ಹೋದವು. ಅದಕ್ಕೂ ಮುಂಚೆ ಆಲಿಸನ್ ಫ್ರಾಂಟ್ಸ್ ಅವುಗಳ ಫೋಟೊ ತೆಗೆದಿದ್ದರು, ಫೋಟೊಗಳು ಅಮೆರಿಕ ತಲುಪಿದ್ದವು. ಬ್ಲೆಗೆನ್ ಅವನ್ನು ತಾವೇ ಇಟ್ಟುಕೊಳ್ಳಲಿಲ್ಲ, ಎಮ್ಮೆಟ್ ಬೆನೆಟ್ ಎಂಬ ವಿದ್ಯಾರ್ಥಿಗೆ ಕೊಟ್ಟರು. ಬೆನೆಟ್ ಯುದ್ಧಕಾಲದಲ್ಲಿ ಗೂಢಲಿಪಿ ವಿಭಾಗದಲ್ಲಿ ಕೆಲಸ ಮಾಡಿ ಬಂದವರು. 1947ಕ್ಕೆ ಪ್ರಬಂಧ, 1951ಕ್ಕೆ ‘ದಿ ಪೈಲೋಸ್ ಟ್ಯಾಬ್ಲೆಟ್ಸ್’ ಪುಸ್ತಕ. ಸಿಕ್ಕಿದ್ದಕ್ಕೂ ಅಚ್ಚಾಗಿದ್ದಕ್ಕೂ ಹನ್ನೆರಡು ವರ್ಷ, ಅದರಲ್ಲಿ ಅರ್ಧ ಯುದ್ಧ.

ಈ ಬೆನೆಟ್ ಬಗ್ಗೆ ಮೂರೂ ಪುಸ್ತಕಗಳು ಇನ್ನಷ್ಟು ಹೇಳಬೇಕಿತ್ತು. ಅವರು ಯಾವ ಪದವನ್ನೂ ಓದಲಿಲ್ಲ, ಓದಲು ಹೋಗಲೂ ಇಲ್ಲ. ಚಿಹ್ನೆಗಳ ಪಟ್ಟಿ ಮಾಡಿದರು. ಕೇಳಿದರೆ ಸಣ್ಣ ಕೆಲಸ ಅನ್ನಿಸುತ್ತದೆ. ಕನ್ನಡ ಬಾರದ ಒಬ್ಬನಿಗೆ ನೂರಾರು ಜನರ ಕೈಬರಹದ ಚೀಟಿ ಕೊಟ್ಟು ಎಷ್ಟು ಅಕ್ಷರ ಇವೆ ಎಣಿಸು ಅನ್ನಿ. ಪ ಮತ್ತು ವ ಎರಡೋ ಒಂದೋ? ತಲೆಕಟ್ಟು ಬಿಟ್ಟು ಬರೆದ ‘ನ’, ತಲೆಕಟ್ಟು ಇರುವ ‘ನ’ ಬೇರೆಯೋ? ಶಾಸನದಲ್ಲಿ ಱ ಮತ್ತು ೞ ಬೇರೆ ಮಾಡುವಾಗ ನಾವೇ ತಡವರಿಸುತ್ತೇವೆ, ಭಾಷೆ ಗೊತ್ತಿದ್ದೂ! ಒಂದು ಅಕ್ಷರವನ್ನು ಎರಡೆಂದು ಎಣಿಸಿದರೆ ಕೋಬರ್ ವಿಧಾನದ ಎಣಿಕೆಯೆಲ್ಲ ಹಾಳು. ಎರಡನ್ನು ಒಂದೆಂದುಕೊಂಡರೆ ಇನ್ನೂ ಹಾಳು. ಬೆನೆಟ್ ಸುಮಾರು ತೊಂಬತ್ತು ಚಿಹ್ನೆಗಳನ್ನು ಖಚಿತ ಮಾಡಿ ಕೊಟ್ಟರು. ಈ ವಿಷಯದಲ್ಲಿ ಅವರಿಗೂ ಕೋಬರ್ ಅವರಿಗೂ ಪತ್ರಗಳು ಓಡಾಡಿದ್ದವು. ಫಲಕಗಳನ್ನು ಗುಂಪು ಮಾಡಿ ಅಕ್ಷರಜೋಡಿಯ ಗುರುತು ಕೊಡುವ ಪದ್ಧತಿಯೂ ಅವರದೇ, ಇವತ್ತಿಗೂ ಅದೇ ನಡೆಯುತ್ತಿದೆ.

ಇದರ ಪಕ್ಕದಲ್ಲಿ ‘ಸ್ಕ್ರಿಪ್ಟಾ ಮಿನೋವಾ’ದ ಎರಡನೆಯ ಸಂಪುಟ ಇಟ್ಟರೆ ಬೇಸರವಾಗುತ್ತದೆ. ಇವಾನ್ಸರ ಹಳೆಯ ರೇಖಾಚಿತ್ರ, ಹಳೆಯ ವಿಂಗಡಣೆ. ಎಂಬತ್ತು ದಾಟಿದ ಮೈರ್ಸ್ ಅದನ್ನು ಮುಗಿಸಿದ್ದೇ ದೊಡ್ಡದು, ಅವರನ್ನು ಬಯ್ಯುವುದು ತರವಲ್ಲ. ಆದರೆ ಪುಸ್ತಕ ಬಂದಾಗಲೇ ಹಳತಾಗಿತ್ತು. ಮೂಲ ಫಲಕಗಳ ಜೊತೆ ಇಟ್ಟು ನೋಡಿದವರಿಗೆ ತಪ್ಪುಗಳು ಸಾಲುಸಾಲಾಗಿ ಕಂಡವು. ನಾಲ್ಕು ವರ್ಷ ಆಗುವಷ್ಟರಲ್ಲಿ, 1956ರಲ್ಲಿ, ಬೆನೆಟ್, ಚಾಡ್ವಿಕ್, ವೆಂಟ್ರಿಸ್ ಮೂವರೂ ಸೇರಿ ಕ್ನೋಸೋಸ್ ಪಾಠಗಳ ತಿದ್ದಿದ ಲಿಪ್ಯಂತರ ತಂದರು. ತಡ ಮಾಡಿದರೆ ಪಾಠ ಶುದ್ಧವಾಗುತ್ತದೆ ಅನ್ನುವವರಿಗೆ ಇದನ್ನು ತೋರಿಸಬೇಕು. ಐವತ್ತೆರಡು ವರ್ಷ ಕಾದದ್ದರಿಂದ ಪಾಠ ಶುದ್ಧವಾಗಲಿಲ್ಲ. ಅಷ್ಟರಲ್ಲಿ ಅಗೆದವರೂ ಇರಲಿಲ್ಲ, ಗುಂಡಿಯಲ್ಲಿ ಎಲ್ಲಿ ಏನಿತ್ತು ಅಂತ ಕೇಳಿ ತಿಳಿಯಲು ಯಾರೂ ಉಳಿದಿರಲಿಲ್ಲ. ಕೆಲವು ಫಲಕಗಳೂ ಇರಲಿಲ್ಲ. ಅಗೆತದ ಆರಂಭದ ದಿನಗಳಲ್ಲೇ ಉಗ್ರಾಣದ ಸೂರು ಸೋರಿ ಒಂದಷ್ಟು ಫಲಕಗಳು ಮತ್ತೆ ಕೆಸರಾಗಿದ್ದವು.

ವೆಂಟ್ರಿಸ್ ಕಥೆ ಎಲ್ಲರಿಗೂ ಗೊತ್ತು, ಹಾಗಾಗಿ ಅವರು ಪ್ರಕಟಿಸಿದ ರೀತಿಯನ್ನಷ್ಟೇ ನೋಡೋಣ. ವೃತ್ತಿಯಲ್ಲಿ ವಾಸ್ತುಶಿಲ್ಪಿ, ಯಾವ ವಿಶ್ವವಿದ್ಯಾಲಯದ ಆಸರೆಯೂ ಇಲ್ಲ. 1950ರ ಹೊತ್ತಿಗೆ ಈ ಕ್ಷೇತ್ರದ ಹನ್ನೆರಡು ಜನ ವಿದ್ವಾಂಸರಿಗೆ ಪ್ರಶ್ನಾವಳಿ ಕಳಿಸಿದರು. ಹತ್ತು ಜನ ಉತ್ತರಿಸಿದರು, ಅದನ್ನೆಲ್ಲ ಕೂಡಿಸಿ ಎಲ್ಲರಿಗೂ ಹಂಚಿದರು. ಕೋಬರ್ ಇದು ಕಾಲಹರಣ ಅಂತ ಕಡ್ಡಿ ಮುರಿದಂತೆ ಬರೆದು ಸುಮ್ಮನಾದರು. ಇದೊಂದರಲ್ಲಿ ನಾನು ಕೋಬರ್ ಪಕ್ಷ ಅಲ್ಲ. ಊಹೆಗೆ ಬೆಲೆಯಿಲ್ಲ ಅನ್ನುವ ಅವರ ಮಾತು ಸರಿಯೇ. ಆದರೆ ಊಹೆಗಳು ಪತ್ರಪೆಟ್ಟಿಗೆಗಳಲ್ಲಿ ಇದ್ದೇ ಇರುತ್ತವೆ, ಅವು ಬಯಲಲ್ಲಿದ್ದರೆ ಸಾಯುವುದಾದರೂ ಬೇಗ ಸಾಯುತ್ತವೆ.

1951ರ ಜನವರಿಯಿಂದ 1952ರ ಜೂನ್‌ವರೆಗೆ ವೆಂಟ್ರಿಸ್ ಇಪ್ಪತ್ತು ‘ವರ್ಕ್ ನೋಟ್ಸ್’ ಬರೆದು, ಪ್ರತಿ ಮಾಡಿಸಿ, ತಮ್ಮ ಖರ್ಚಿನಲ್ಲಿ ಎಲ್ಲರಿಗೂ ಅಂಚೆಗೆ ಹಾಕಿದರು. ಪ್ರತಿಸ್ಪರ್ಧಿಗಳಿಗೂ. ಹದಿನೆಂಟನೇ ವಯಸ್ಸಿನಿಂದ ಅವರು ನಂಬಿದ್ದು ಇದು ಎಟ್ರಸ್ಕನ್ ಸಂಬಂಧಿ ಭಾಷೆ ಅಂತ, ಟಿಪ್ಪಣಿಗಳ ತುಂಬ ಆ ತಪ್ಪು ಹಾದಿಯ ಹೆಜ್ಜೆಗುರುತು. ಮುಚ್ಚಿಡಲಿಲ್ಲ. ಇಪ್ಪತ್ತನೆಯದರಲ್ಲಿ, ಇದೊಂದು ಲಘು ವಿಷಯಾಂತರ ಅನ್ನುವ ಧಾಟಿಯಲ್ಲಿ, ಫಲಕಗಳ ಭಾಷೆ ಗ್ರೀಕ್ ಇರಬಹುದೇ ಅಂತ ಕೇಳಿದರು. ಕ್ರೀಟಿನ ಊರ ಹೆಸರುಗಳು ಕೈಕೊಟ್ಟಿರಲಿಲ್ಲ: ಅ-ಮಿ-ನಿ-ಸೊ ಅಂದರೆ ಅಮ್ನಿಸೋಸ್, ಕೊ-ನೊ-ಸೊ ಅಂದರೆ ಕ್ನೋಸೋಸ್, ತು-ರಿ-ಸೊ ಅಂದರೆ ತುಲಿಸೋಸ್. ಜುಲೈ 1ಕ್ಕೆ ಬಿಬಿಸಿಯಲ್ಲಿ ಮಾತಾಡಿದರು, ಚಾಡ್ವಿಕ್ ಕೇಳಿಸಿಕೊಂಡದ್ದು ಅದನ್ನೇ. 1953ರಲ್ಲಿ ಇಬ್ಬರ ಜಂಟಿ ಲೇಖನ ಬಂತು.

ದಿನಾಂಕಗಳನ್ನು ಸಾಲಾಗಿ ಇಟ್ಟು ನೋಡಿ. ಪೈಲೋಸ್ ಪಾಠ 1951. ಕ್ನೋಸೋಸ್ ಪಾಠ 1952. ಓದು 1952. ವೆಂಟ್ರಿಸ್ ಪ್ರತಿಭೆಯ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಆದರೆ ಬೀಗ ಮುರಿದದ್ದು ಪ್ರತಿಭೆಯೊಂದೇ ಆಗಿದ್ದರೆ ಐವತ್ತು ವರ್ಷ ಅದು ಎಲ್ಲಿಗೆ ಹೋಗಿತ್ತು?

ನನ್ನ ವಾದಕ್ಕೆ ಅಡ್ಡ ಬರುವ ಒಂದು ಸಂಗತಿಯನ್ನೂ ಇಲ್ಲೇ ಹೇಳಬೇಕು. ಓದು ಸರಿ ಅಂತ ಬಹಳ ಜನರನ್ನು ಒಪ್ಪಿಸಿದ್ದು ಒಂದು ಅಪ್ರಕಟಿತ ಫಲಕ. ಬ್ಲೆಗೆನ್ 1952ರಲ್ಲಿ ಪೈಲೋಸ್‌ನಲ್ಲಿ ಮತ್ತೆ ಅಗೆದಾಗ ಸಿಕ್ಕ ಫಲಕಗಳಲ್ಲಿ ಒಂದನ್ನು 1953ರ ವಸಂತದಲ್ಲಿ ವೆಂಟ್ರಿಸ್ ಅವರ ಬೆಲೆಗಳನ್ನು ಹಚ್ಚಿ ಓದಿದರು. ಮೂರು ಕಾಲಿನ ಪಾತ್ರೆಯ ಚಿತ್ರದ ಪಕ್ಕ ‘ತಿ-ರಿ-ಪೊ-ದೆ’, ನಾಲ್ಕು ಹಿಡಿಯ ಪಾತ್ರೆಯ ಪಕ್ಕ ‘ನಾಲ್ಕು ಕಿವಿಯದು’ ಅನ್ನುವ ಅರ್ಥದ ಪದ, ಹಿಡಿಯಿಲ್ಲದ್ದರ ಪಕ್ಕ ‘ಕಿವಿಯಿಲ್ಲದ್ದು’. ಈ ಫಲಕವನ್ನು ಹಿಂದೆ ಯಾರೂ 1951ರ ಪುಸ್ತಕದಲ್ಲಿ ನೋಡಿರಲಿಲ್ಲ, ಹಾಗಾಗಿಯೇ ಅದು ಸಾಕ್ಷಿಯಾಯಿತು. ಸರಿ. ಆದರೆ ಗಮನಿಸಿ, ಬ್ಲೆಗೆನ್ ಓದಿದ್ದು ಮೇ ತಿಂಗಳಲ್ಲಿ, ವೆಂಟ್ರಿಸ್‌ಗೆ ಪತ್ರ ಬರೆದದ್ದೂ ಅದೇ ಮೇ ತಿಂಗಳಲ್ಲಿ, 16ರಂದು. ಅಪ್ರಕಟಿತ ಅನ್ನುವುದಕ್ಕೂ ಮುಚ್ಚಿಟ್ಟದ್ದು ಅನ್ನುವುದಕ್ಕೂ ಇರುವ ವ್ಯತ್ಯಾಸ ಇಷ್ಟೇ. ಅದೇ ಫಲಕ ಇಪ್ಪತ್ತು ವರ್ಷ ಯಾರದೋ ಪೆಟ್ಟಿಗೆಯಲ್ಲಿದ್ದು ಆಮೇಲೆ ಹೊರಬಂದಿದ್ದರೆ, ಯಾರು ಯಾವಾಗ ನೋಡಿದ್ದರು ಅನ್ನುವ ಗುಮಾನಿಯಲ್ಲೇ ಅರ್ಧ ಸಾಕ್ಷ್ಯ ಕರಗಿಹೋಗುತ್ತಿತ್ತು.

ಕ್ನೋಸೋಸ್ ತಡದ ಬಾಲ ಆಮೇಲೂ ಮುಗಿಯಲಿಲ್ಲ. ಓದು ಬಂದ ಮೇಲೆ ಈ ಫಲಕಗಳ ಕಾಲ ಯಾವುದು ಅನ್ನುವ ಜಗಳ ಹುಟ್ಟಿತು. ಇವಾನ್ಸ್ ಹೇಳಿದ್ದಕ್ಕಿಂತ ಬಹಳ ಈಚಿನವು ಅಂತ ಆಕ್ಸ್‌ಫರ್ಡಿನ ಲಿಯೊನಾರ್ಡ್ ಪಾಮರ್ 1960ರಲ್ಲಿ ವಾದ ತೆಗೆದರು. ಅವರು ಆಧಾರ ಮಾಡಿಕೊಂಡದ್ದು ಇವಾನ್ಸರ ಸಹಾಯಕ ಡಂಕನ್ ಮೆಕೆಂಜಿ ಅಗೆತದ ಸ್ಥಳದಲ್ಲೇ ಬರೆದಿಟ್ಟ ದಿನಚರಿಗಳನ್ನು. ಅವೂ ಆಕ್ಸ್‌ಫರ್ಡಿನಲ್ಲೇ ಇದ್ದವು, ಅಚ್ಚಾಗಿರಲಿಲ್ಲ. ಪಾಮರ್ ಒಂದು ಕಡೆ, ಜಾನ್ ಬೋರ್ಡ್‌ಮನ್ ಇನ್ನೊಂದು ಕಡೆ. 1963ರಲ್ಲಿ ಇಬ್ಬರ ಪುಸ್ತಕಗಳೂ ‘ಆನ್ ದ ಕ್ನೋಸೋಸ್ ಟ್ಯಾಬ್ಲೆಟ್ಸ್’ ಎಂಬ ಒಂದೇ ರಟ್ಟಿನೊಳಗೆ ಬಂದವು. ಒಂದೇ ದಿನಚರಿಯ ಒಂದೇ ಪುಟವನ್ನು ಇಬ್ಬರು ಎರಡು ರೀತಿ ಓದುವುದನ್ನು ಅಲ್ಲಿ ನೋಡಬಹುದು. ಕಾಲದ ಪ್ರಶ್ನೆ ಇವತ್ತಿಗೂ ಪೂರ್ತಿ ಇತ್ಯರ್ಥವಾಗಿಲ್ಲ. ನಮ್ಮಲ್ಲಿ ಶಾಸನದ ಕಲ್ಲು ಮೂಲ ಜಾಗದಿಂದ ಕದಲಿದರೆ ಎಷ್ಟು ಪರದಾಡುತ್ತೇವೆ ಅಂತ ಗೊತ್ತಲ್ಲ, ಹಾಗೇ ಇದು. ಪಾಠದ ಜೊತೆ ನೆಲೆಯೂ ಅಚ್ಚಾಗಬೇಕಿತ್ತು.

ಒಬ್ಬೊಬ್ಬ ಬರಹಗಾರನ ಕೈಯನ್ನು ಗುರುತಿಸುವ ಕೆಲಸಕ್ಕೂ ಇದೇ ಗತಿ. ಅದಕ್ಕೆ ರೇಖಾಚಿತ್ರ ಸಾಲದು, ಫೋಟೊ ಬೇಕು. ಜಾನ್-ಪಿಯೆರ್ ಒಲಿವಿಯೆ ಕ್ನೋಸೋಸ್ ಲಿಪಿಕಾರರ ಬಗ್ಗೆ ಪುಸ್ತಕ ತಂದದ್ದು 1967ರಲ್ಲಿ, ಫಲಕ ಸಿಕ್ಕಿ ಅರವತ್ತೇಳು ವರ್ಷಕ್ಕೆ. ಎಲ್ಲ ಫಲಕಗಳ ಫೋಟೊ, ರೇಖಾಚಿತ್ರ, ಲಿಪ್ಯಂತರ ಒಟ್ಟಿಗೇ ಇರುವ ನಾಲ್ಕು ಸಂಪುಟಗಳ ಸಮಗ್ರ ಆವೃತ್ತಿ ಕೇಂಬ್ರಿಜ್‌ನಿಂದ ಬಂದದ್ದು 1986ರಿಂದ 1998ರವರೆಗೆ. ಕೊನೆಯ ಸಂಪುಟ ಬಂದ ವರ್ಷವೇ ಚಾಡ್ವಿಕ್ ತೀರಿಕೊಂಡರು. ಮೊದಲ ಫಲಕ ಮಣ್ಣಿನಿಂದ ಎದ್ದು ಆಗ ತೊಂಬತ್ತೆಂಟು ವರ್ಷ.

ಅಚ್ಚಾದ ತಕ್ಷಣ ಎಲ್ಲ ಲಿಪಿಗಳೂ ಬಾಯಿ ಬಿಡುತ್ತವೆ ಅಂತ ನಾನೇನೂ ಹೇಳುತ್ತಿಲ್ಲ. ಲೀನಿಯರ್ ಎ ಪಾಠಗಳನ್ನು ಲೂಯಿ ಗೊಡಾರ್ ಮತ್ತು ಒಲಿವಿಯೆ 1976ರಿಂದ 1985ರೊಳಗೆ ಐದು ಸಂಪುಟಗಳಲ್ಲಿ ಮಾದರಿಯಾಗಿ ತಂದಿದ್ದಾರೆ. ಲಿಪಿ ಇನ್ನೂ ಓದಲಾಗಿಲ್ಲ. ಪಾಠಗಳು ಕಡಿಮೆ, ಹೆಚ್ಚಿನವು ತುಂಡು ತುಂಡು. ಆದರೆ ಯಾಕೆ ಓದಲಾಗುತ್ತಿಲ್ಲ ಅನ್ನುವುದಕ್ಕೆ ಕಾರಣ ಈಗ ಎಲ್ಲರಿಗೂ ಕಾಣುತ್ತದೆ. ಯಾರದೋ ಕಪಾಟಿನ ಮೇಲೆ ಗುಮಾನಿಪಡಬೇಕಾಗಿಲ್ಲ.

ಲೀನಿಯರ್ ಬಿ ಪಾಠಗಳನ್ನು ಓಸ್ಲೊ ವಿಶ್ವವಿದ್ಯಾಲಯದ ‘ಡಾಮೋಸ್’ ಎಂಬ ದತ್ತಸಂಚಯದಲ್ಲಿ ಈಗ ಮನೆಯಲ್ಲೇ ಕೂತು ಹುಡುಕಬಹುದು. ಕೋಬರ್ ಅವರ ಕಾಗದಪತ್ರಗಳು ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿವೆ, ಸ್ಕ್ಯಾನ್ ಆಗಿವೆ. ‘ಊರು, ಊರಿಗೆ’ ಲೆಕ್ಕ ಅವರ ಕೈಯಲ್ಲಿ ಹೇಗೆ ನಡೆಯಿತು ಅಂತ ನೋಡಬೇಕೆಂದರೆ ಮೊದಲು 1946ರ ಲೇಖನ ಓದಿ, ಆಮೇಲೆ ಆ ಚೀಟಿಗಳಿಗೆ ಹೋಗಿ. ಉಲ್ಟಾ ಮಾಡಿದರೆ ತಲೆಬುಡ ತಿಳಿಯುವುದಿಲ್ಲ.